ಮೈ ನಡುಗಿದ್ರೆ ವರ್ಕೌಟ್ ಆಯ್ತಾ?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ಪೊಲೀಸ್, ಆರ್ಮಿ ಕೆಲಸಕ್ಕೆ ಅಂತ ಮೈ ಪಳಗಿಸ್ತಿರೋರು ಕೇಳಿ. ಪ್ಲ್ಯಾಂಕ್ ಹಿಡಿದಾಗ ಹೊಟ್ಟೆ, ತೊಡೆ ಗಡಗಡ ನಡುಗುತ್ತಲ್ಲ, ‘ಈಗ ನೋಡು ವರ್ಕ್ ಆಗ್ತಿದೆ’ ಅಂತಾರೆ ಹುಡುಗ್ರು. ಪೂರ್ತಿ ನಿಜ ಅಲ್ಲ. ಸ್ನಾಯುವಿನ ಎಳೆಗಳು ಗುಂಪು ಗುಂಪಾಗಿ ದುಡಿಯುತ್ತವೆ. ಸುಸ್ತಾದಾಗ ಹೊಂದಾಣಿಕೆ ತಪ್ಪಿ ನಡುಕ ಬರುತ್ತದೆ. ಅದರಿಂದ ಆಯಾಸ ಗೊತ್ತಾಗುತ್ತೆ ಅಷ್ಟೆ. ಶಕ್ತಿ ಬೆಳೆದಿದೆಯಾ ಅಂತ ತಿಳಿಯೋಕೆ, ಹೋದ ವಾರಕ್ಕಿಂತ ಎಷ್ಟು ಸೆಕೆಂಡ್ ಜಾಸ್ತಿ ಹಿಡಿದ್ರಿ ನೋಡಿ. ಸೊಂಟ ಜೋತುಬಿದ್ರೆ ಅಲ್ಲಿಗೇ ಬಿಡಿ.

ಬೆಳಗ್ಗೆ ಹೊಗೆಸೊಪ್ಪು ಮುರಿದು ಸಂಜೆ ಗ್ರೌಂಡಿಗೆ ಬರೋರು ಇನ್ನೂ ಹುಷಾರು. ಒದ್ದೆ ಎಲೆಯ ನಿಕೋಟಿನ್ ಚರ್ಮದಿಂದಲೇ ಮೈಗೆ ಸೇರುತ್ತದೆ. ವಾಕರಿಕೆ, ತಲೆಸುತ್ತು ಇದ್ರೆ ಆವತ್ತು ವ್ಯಾಯಾಮ ಬೇಡ. ನಿಲ್ಲಿಸಿದ ಮೇಲೂ ನಡುಕ ಹೋಗದಿದ್ರೆ ಡಾಕ್ಟರ್‌ಗೆ ತೋರಿಸಿ.