ಹಳೆ ಜೀಪಿನ ಪ್ಲಗ್ಗು ಮತ್ತು ವಯರು
(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಮಾಹಿತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಪುತ್ತೂರಿನಲ್ಲಿ 1909ರಲ್ಲಿ ಮೊಳಹಳ್ಳಿ ಶಿವರಾಯರು ಹಚ್ಚಿದ ಸಹಕಾರದ ದೀಪ ನಮ್ಮ ಜಿಲ್ಲೆಯ ಹಳ್ಳಿ ಹಳ್ಳಿಗೂ ತಲುಪಿದೆ. ಆ ದೀಪದ ಬೆಳಕಿನಲ್ಲೇ ನಮ್ಮ ಸಂಘವೂ ಇಪ್ಪತ್ತೈದು ವರ್ಷ ನಡೆದು ಬಂತು. ಇಂಥ ಸಭೆಯಲ್ಲಿ ಸಾಲ, ಗೊಬ್ಬರ, ಅಡಿಕೆ ಧಾರಣೆಯ ವಿಚಾರ ಬರುವುದು ವಾಡಿಕೆ. ನನಗೆ ಕೊಟ್ಟ ವಿಷಯ ಹಳೆ ಪೆಟ್ರೋಲ್ ಜೀಪಿನ ಪ್ಲಗ್ಗು ಮತ್ತು ವಯರು. ಕೇಳಲಿಕ್ಕೆ ಸಣ್ಣ ವಿಷಯ. ಆದರೆ ಆಟಿ ತಿಂಗಳ ರಾತ್ರಿ, ಹೆರಿಗೆ ನೋವಿನ ಹೆಂಗಸನ್ನು ಕೂರಿಸಿಕೊಂಡು ಪೇಟೆಯ ಆಸ್ಪತ್ರೆಗೆ ಹೊರಟ ಜೀಪು ಏರುದಾರಿಯಲ್ಲಿ ಜಗ್ಗಿ ಜಗ್ಗಿ ನಿಂತರೆ ಅದು ಸಣ್ಣ ವಿಷಯ ಅಲ್ಲ.

ಸ್ವಾತಂತ್ರ್ಯ ಬಂದ ಹೊತ್ತಿನಲ್ಲಿ ಮಹೀಂದ್ರ ಕಂಪೆನಿಯವರು ವಿಲ್ಲಿಸ್ ಜೀಪನ್ನು ನಮ್ಮ ದೇಶಕ್ಕೆ ತಂದರು. ಪುತ್ತೂರು, ಸುಳ್ಯ, ಕಡಬದ ಕಡೆ ಬಸ್ಸು ಹೋಗದ ದಾರಿಗೆಲ್ಲ ಜೀಪೇ ಗತಿ. ಅಡಿಕೆ ಗೋಣಿ, ಮದುವೆ ದಿಬ್ಬಣ, ಶಾಲೆ ಮಕ್ಕಳು, ಎಲ್ಲವೂ ಅದರಲ್ಲೇ. ಅವುಗಳಲ್ಲಿ ಹಲವಕ್ಕೆ ಆಮೇಲೆ ಡೀಸೆಲ್ ಎಂಜಿನು ಕೂತಿತು. ಡೀಸೆಲ್ ಎಂಜಿನಿಗೆ ಸ್ಪಾರ್ಕ್ ಪ್ಲಗ್ಗು ಇಲ್ಲ. ಕೆಲವದರಲ್ಲಿ ಇರುವುದು ಗ್ಲೋ ಪ್ಲಗ್ಗು, ಅದು ಚಳಿಗೆ ಬಿಸಿ ಮಾಡಲಿಕ್ಕೆ ಮಾತ್ರ. ಆದ್ದರಿಂದ ಇವತ್ತಿನ ಮಾತು ಉಳಿದಿರುವ ಪೆಟ್ರೋಲ್ ಜೀಪಿಗೆ, ಓಮ್ನಿ ಗಾಡಿಗೆ ಮತ್ತು ತೋಟದ ಪೆಟ್ರೋಲ್ ಯಂತ್ರಗಳಿಗೆ ಸೇರಿದ್ದು.

ಮೊದಲು ಕೆಲಸ ಹೇಗೆ ನಡೆಯುತ್ತದೆ ನೋಡುವ. ಬ್ಯಾಟರಿಯಲ್ಲಿ ಇರುವುದು 12 ವೋಲ್ಟ್. ಕಾಯಿಲ್ ಅದನ್ನು ಹತ್ತು ಹದಿನೈದು ಸಾವಿರ ವೋಲ್ಟಿಗೆ, ಕೆಲವೊಮ್ಮೆ ಇನ್ನೂ ಮೇಲಕ್ಕೆ ಏರಿಸುತ್ತದೆ. ಡಿಸ್ಟ್ರಿಬ್ಯೂಟರಿನ ರೋಟರ್ ಸರದಿಯಂತೆ ಒಂದೊಂದು ವಯರಿಗೆ ಅದನ್ನು ಹಂಚುತ್ತದೆ. ಪ್ಲಗ್ಗಿನ ತುದಿಯ ಸಣ್ಣ ಸಂದಿನಲ್ಲಿ ಅದು ಕಿಡಿಯಾಗಿ ಹಾರುತ್ತದೆ. ಪ್ರತಿ ಕಿಡಿಗೂ ಪ್ಲಗ್ಗಿನ ತುದಿ ಕಣ್ಣಿಗೆ ಕಾಣದಷ್ಟು ಸವೆಯುತ್ತದೆ. ಸವೆದಂತೆ ಸಂದು ದೊಡ್ಡದಾಗುತ್ತದೆ. ಸಂದು ದೊಡ್ಡದಾದಷ್ಟು ಕಿಡಿ ಹಾರಲು ಹೆಚ್ಚು ವೋಲ್ಟ್ ಬೇಕು. ವಯರಿನ ರಬ್ಬರು ಒಣಗಿ ಬಿರಿದಿದ್ದರೆ, ಇಲಿ ಕಚ್ಚಿದ್ದರೆ, ಕರೆಂಟು ಪ್ಲಗ್ಗಿನ ಸಂದು ದಾಟುವ ಬದಲು ಹತ್ತಿರದ ಕಬ್ಬಿಣಕ್ಕೆ ಹಾರುತ್ತದೆ. ನೀರು ಹೇಗೆ ತಗ್ಗು ಹುಡುಕುತ್ತದೋ ಹಾಗೆ. ಪ್ಲಗ್ಗು ಹಳತಾದರೆ ವಯರಿಗೆ ತೊಂದರೆ, ವಯರು ಹಳತಾದರೆ ಹೊಸ ಪ್ಲಗ್ಗು ಹಾಕಿಯೂ ಪ್ರಯೋಜನ ಇಲ್ಲ ಎಂದು ಹೇಳುವುದು ಇದಕ್ಕೇ.

ನಮ್ಮ ಮಳೆಗಾಲದಲ್ಲಿ ಇದು ಜೋರು. ಬೇಸಗೆಯಲ್ಲಿ ಹೇಗೋ ಓಡಿದ ಗಾಡಿ ಜೂನಿನಲ್ಲಿ ಬೆಳಿಗ್ಗೆ ಸ್ಟಾರ್ಟೇ ಆಗೂದಿಲ್ಲ. ಕ್ಯಾಪಿನ ಒಳಗೆ ತೇವ ಕೂತಿರುತ್ತದೆ. ಕಡಬದ ಹತ್ತಿರ ಹೊಸ್ಮಠದ ಹಳೆಯ ಮುಳುಗು ಸೇತುವೆ ಹಿರಿಯರಿಗೆ ನೆನಪುಂಟು. ಈಗ ಅಲ್ಲಿ ಎತ್ತರದ ಸೇತುವೆ ಬಂದಿದೆ, ಆದರೆ ತೋಡಿಗೆ ಅಡ್ಡ ಕಟ್ಟಿದ ತಗ್ಗು ಮೋರಿಗಳು ಊರೊಳಗೆ ಇನ್ನೂ ಇವೆ. ನೀರಿಗೆ ಇಳಿದ ಗಾಡಿಯ ಫ್ಯಾನು ನೀರನ್ನು ನೇರ ವಯರಿನ ಮೇಲೆ ಎರಚುತ್ತದೆ, ಎಂಜಿನು ನಡು ನೀರಿನಲ್ಲಿ ನಿಲ್ಲುತ್ತದೆ. ಹೊಸ ವಯರು ಇದ್ದರೂ ಹರಿಯುವ ನೀರಿಗೆ ಗಾಡಿ ಇಳಿಸಬೇಡಿ ಮಾರಾಯ್ರೇ.

ಒಂದು ಸಿಲಿಂಡರು ಕೆಲಸ ಮಾಡದಿದ್ದರೆ ಏನಾಯ್ತು, ಮೂರು ಉಂಟಲ್ಲ, ಎಂದು ಕೆಲವರು ಓಡಿಸುತ್ತಾರೆ. ನಾಲ್ಕರಲ್ಲಿ ಒಂದು ಸತ್ತರೆ ಕಾಲುಭಾಗದಷ್ಟು ಶಕ್ತಿ ಹೋಯಿತು. ಅಷ್ಟೇ ಅಲ್ಲ, ಸುಡದ ಪೆಟ್ರೋಲು ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದು ಕೆಳಗಿಳಿದು ಎಂಜಿನ್ ಆಯಿಲನ್ನು ತೆಳು ಮಾಡುತ್ತದೆ. ಪ್ಲಗ್ಗಿನ ಖರ್ಚು ಉಳಿಸಲು ಹೋಗಿ ಬೋರಿನ ಕೆಲಸಕ್ಕೆ ದಾರಿ. ಇತ್ತೀಚಿನ ಓಮ್ನಿಗಳಲ್ಲಿ ಸೈಲೆನ್ಸರಿನ ದಾರಿಯಲ್ಲಿ ಕೆಟಲಿಟಿಕ್ ಕನ್ವರ್ಟರ್ ಇರುತ್ತದೆ, ಸುಡದ ಪೆಟ್ರೋಲು ಅದನ್ನೂ ಹಾಳು ಮಾಡುತ್ತದೆ. ಹೊಗೆ ತಪಾಸಣೆಯಲ್ಲಿಯೂ ಗಾಡಿ ಪಾಸಾಗಲಿಕ್ಕಿಲ್ಲ.

ಇನ್ನು ಬದಲಿಸುವ ಕ್ರಮ. ಎಂಜಿನು ಪೂರ್ತಿ ತಣಿದಿರಬೇಕು. ಬ್ಯಾಟರಿಯ ಒಂದು ವಯರು ಬಿಚ್ಚಿಡಿ. ಎಲ್ಲ ಪ್ಲಗ್ಗುಗಳನ್ನು ಒಟ್ಟಿಗೆ ಬಿಚ್ಚಬೇಡಿ. ಒಂದು ವಯರು, ಒಂದು ಪ್ಲಗ್ಗು ತೆಗೆಯಿರಿ, ಹೊಸದು ಹಾಕಿ, ಆಮೇಲೆ ಮುಂದಿನದು. ಯಾಕೆಂದರೆ ವಯರಿಗೆ ಸರದಿ ಉಂಟು. ಹಳೆ ಜೀಪಿನ ನಾಲ್ಕು ಸಿಲಿಂಡರಿನ ಎಂಜಿನಿಗೆ 1-3-4-2, ಓಮ್ನಿಯ ಮೂರು ಸಿಲಿಂಡರಿಗೆ 1-3-2. ಎರಡು ವಯರು ಅದಲು ಬದಲಾದರೆ ಗಾಡಿ ಸ್ಟಾರ್ಟ್ ಆಗದೆ ಢಂ ಎಂದು ಸದ್ದು ಮಾಡೀತು.

ವಯರನ್ನು ಹಿಡಿದು ಎಳೆಯಬಾರದು, ತುದಿಯ ಟೊಪ್ಪಿಯನ್ನು ಹಿಡಿದು ಸ್ವಲ್ಪ ತಿರುಗಿಸಿ ಎಳೆಯಿರಿ. ಪ್ಲಗ್ಗು ಬಿಚ್ಚುವ ಮೊದಲು ಅದರ ಬುಡದ ಮಣ್ಣನ್ನು ಊದಿ ತೆಗೆಯಿರಿ, ಇಲ್ಲದಿದ್ದರೆ ಮರಳು ಸಿಲಿಂಡರಿನೊಳಗೆ ಬೀಳುತ್ತದೆ. ಬಿಚ್ಚಿದ ಪ್ಲಗ್ಗನ್ನು ಬಿಸಾಡುವ ಮೊದಲು ಅದರ ಮುಖ ನೋಡಿ. ತಿಳಿ ಕಂದು ಬಣ್ಣ ಇದ್ದರೆ ಎಂಜಿನು ಸೌಖ್ಯ. ಒಣ ಕರಿ ಮಸಿ ಕೂತಿದ್ದರೆ ಪೆಟ್ರೋಲು ಹೆಚ್ಚಾಗಿದೆ ಅಥವಾ ಏರ್ ಫಿಲ್ಟರು ಕಟ್ಟಿದೆ. ಎಣ್ಣೆ ಜಿಡ್ಡು ಇದ್ದರೆ ರಿಂಗು ಅಥವಾ ವಾಲ್ವಿನ ಕಡೆ ಸವೆತ, ಅದಕ್ಕೆ ಹೊಸ ಪ್ಲಗ್ಗು ಮದ್ದಲ್ಲ. ಬೆಳ್ಳಗೆ ಗುಳ್ಳೆ ಎದ್ದಿದ್ದರೆ ಎಂಜಿನು ಅತಿಯಾಗಿ ಬಿಸಿಯಾಗುತ್ತಿದೆ, ಮೆಕ್ಯಾನಿಕರಿಗೆ ತೋರಿಸಿ.

ಹೊಸ ಪ್ಲಗ್ಗಿನ ಸಂದನ್ನು ಫೀಲರ್ ಗೇಜಿನಿಂದ ಅಳೆಯಿರಿ. ಪಾಯಿಂಟು ಇರುವ ಹಳೆ ಜೀಪಿಗೆ ಸುಮಾರು 0.75 ಮಿ.ಮೀ., ತೋಟದ ಸಣ್ಣ ಎಂಜಿನುಗಳಿಗೆ ಸಾಮಾನ್ಯವಾಗಿ 0.6ರಿಂದ 0.7 ಮಿ.ಮೀ. ಕಂಪೆನಿ ಪುಸ್ತಕ ಇದ್ದರೆ ಅದರ ಮಾತೇ ಅಂತಿಮ. ಪ್ಲಗ್ಗಿನ ನಂಬರೂ ಅದೇ ಇರಬೇಕು. ನಂಬರು ಬದಲಾದರೆ ಅದು ಬಿಸಿ ಹೊರಹಾಕುವ ಕ್ರಮವೂ ಬದಲಾಗುತ್ತದೆ. ಹಾಕುವಾಗ ಮೊದಲು ಕೈಯಲ್ಲೇ ತಿರುಗಿಸಿ, ಕೈಗೆ ಸುಲಭವಾಗಿ ತಿರುಗದಿದ್ದರೆ ಮರೆ ತಪ್ಪಿದೆ ಎಂದು ಅರ್ಥ. ಪಾನೆಗೆ ಬಲ ಕೊಡಬೇಡಿ, ಬಿಚ್ಚಿ ಪುನಃ ಹಾಕಿ. ವಾಷರಿನ ಹೊಸ ಪ್ಲಗ್ಗಾದರೆ ಕೈಗೆ ಬಿಗಿಯಾದ ಮೇಲೆ ಪಾನೆಯಲ್ಲಿ ಸುಮಾರು ಅರ್ಧ ಸುತ್ತು ಸಾಕು. ಹೆಚ್ಚು ಬಿಗಿದರೆ ಹೆಡ್ಡಿನ ಮರೆ ಹೋಗುತ್ತದೆ, ಅದರ ದುರಸ್ತಿ ದುಬಾರಿ.

ವಯರು ಬದಲಿಸುವಾಗ ಕಾಯಿಲಿನಿಂದ ಕ್ಯಾಪಿಗೆ ಬರುವ ನಡುವಿನ ವಯರನ್ನು ಮರೆಯಬೇಡಿ. ಹಳೆಯದರ ಉದ್ದವನ್ನೇ ಹೊಸದಕ್ಕೂ ಇಡಿ. ಬಿಸಿ ಸೈಲೆನ್ಸರ್ ಪೈಪಿಗೆ ತಾಗದ ಹಾಗೆ ಒಯ್ಯಿರಿ. ಕ್ಯಾಪಿನ ಒಳಗೆ ಪೆನ್ಸಿಲಿನ ಗೆರೆಯಂಥ ಕರಿ ಗೆರೆ ಕಂಡರೆ ಅದು ಬಿರುಕು, ಕ್ಯಾಪನ್ನೇ ಬದಲಿಸಿ. ವಯರು ಸೋರುತ್ತದೋ ಎಂದು ತಿಳಿಯಲು ಕತ್ತಲಲ್ಲಿ ಎಂಜಿನು ಚಾಲೂ ಮಾಡಿ ಬಾನೆಟ್ ಎತ್ತಿ ದೂರದಿಂದ ನೋಡಿ, ಸೋರುವಲ್ಲಿ ನೀಲಿ ಕಿಡಿ ಕಾಣುತ್ತದೆ. ಆದರೆ ಪೆಟ್ರೋಲಿನ ವಾಸನೆ ಬರುತ್ತಿದ್ದರೆ ಈ ಪರೀಕ್ಷೆಯೂ ಬೇಡ, ಸ್ಟಾರ್ಟೂ ಬೇಡ. ಸೋರುವ ಕಾರ್ಬ್ಯುರೇಟರ್ ಮತ್ತು ಸೋರುವ ವಯರು ಒಟ್ಟಾದರೆ ಗಾಡಿಗೆ ಬೆಂಕಿ.

ತೋಟದ ಯಂತ್ರದ ಬಗ್ಗೆ ಒಂದು ಮಾತು. ಕಳೆ ಕೊಚ್ಚುವ ಯಂತ್ರ, ಮದ್ದು ಬಿಡುವ ಪಂಪು ಮಳೆಗಾಲ ಮುಗಿದ ಮೇಲೆ ಮೂಲೆ ಸೇರುತ್ತವೆ. ಈಗಿನ ಪೆಟ್ರೋಲಿಗೆ ಇಥೆನಾಲ್ ಸೇರಿಸುತ್ತಾರೆ, 2025ರ ಹೊತ್ತಿಗೆ ಅದು ನೂರಕ್ಕೆ 20ರ ಪ್ರಮಾಣಕ್ಕೆ ಬಂದಿದೆ. ಇಥೆನಾಲ್ ಗಾಳಿಯ ತೇವ ಹೀರುತ್ತದೆ. ತಿಂಗಳುಗಟ್ಟಲೆ ನಿಂತ ಪೆಟ್ರೋಲಿನಲ್ಲಿ ನೀರು ಬೇರೆಯಾಗಿ ತಳದಲ್ಲಿ ಕೂರಬಹುದು. ಆಮೇಲೆ ಎಷ್ಟು ಹಗ್ಗ ಎಳೆದರೂ ಎಂಜಿನು ಏಳುವುದಿಲ್ಲ, ನಾವು ಪ್ಲಗ್ಗನ್ನು ದೂರುತ್ತೇವೆ. ಮೂಲೆಗಿಡುವ ಮೊದಲು ಟ್ಯಾಂಕು ಖಾಲಿ ಮಾಡಿ, ಕಾರ್ಬ್ಯುರೇಟರಿನ ಪೆಟ್ರೋಲು ಮುಗಿಯುವ ತನಕ ಓಡಿಸಿ ಇಡಿ. ಕೊಳೆರೋಗ ಕಾಯುವುದಿಲ್ಲ. ಎರಡು ಮಳೆಯ ನಡುವೆ ಸಿಗುವ ಒಂದು ದಿನದ ಬಿಸಿಲಿನಲ್ಲಿ ಪಂಪು ಕೈಕೊಟ್ಟರೆ ವರ್ಷದ ಫಸಲಿಗೇ ಪೆಟ್ಟು.

ಕೊನೆಗೆ ಸಂಘಕ್ಕೆ ನನ್ನದೊಂದು ವಿನಂತಿ. ಒಂದು ಸೆಟ್ ಪ್ಲಗ್ಗಿನ ಕ್ರಯ ಒಬ್ಬ ಆಳಿನ ಒಂದು ದಿನದ ಸಂಬಳಕ್ಕಿಂತ ಹೆಚ್ಚಾಗಲಿಕ್ಕಿಲ್ಲ. ಆದರೆ ಪೇಟೆಯಲ್ಲಿ ನಕಲಿ ಮಾಲೂ ಉಂಟು. ಸಂಘವೇ ಅಧಿಕೃತ ಮಾರಾಟಗಾರರಿಂದ ಬಿಲ್ಲು ಸಮೇತ ಒಳ್ಳೆಯ ಪ್ಲಗ್ಗು, ವಯರು ತರಿಸಿ ಗೋದಾಮಿನಲ್ಲಿ ಇಟ್ಟರೆ ಸದಸ್ಯರಿಗೆ ಉಪಕಾರ. ಒಂದು ಪ್ಲಗ್ ಪಾನೆ, ಒಂದು ಫೀಲರ್ ಗೇಜ್ ಸಂಘದಲ್ಲಿ ಇದ್ದರೆ ಮನೆ ಮನೆಯವರು ಕೊಂಡುಕೊಳ್ಳುವ ಅಗತ್ಯ ಇಲ್ಲ, ರಿಜಿಸ್ಟರಿಗೆ ಸಹಿ ಹಾಕಿ ಒಯ್ದು ತಂದು ಕೊಟ್ಟರಾಯಿತು. ಪ್ರತಿ ವರ್ಷ ಪತ್ತನಾಜೆಯ ಮೊದಲಿನ ಒಂದು ಭಾನುವಾರ ಸದಸ್ಯರೆಲ್ಲ ಗಾಡಿ, ಯಂತ್ರ ತಂದು ಇಲ್ಲೇ ಪರೀಕ್ಷಿಸುವ ಕ್ರಮ ಮಾಡಿದರೆ ಮಳೆಗಾಲಕ್ಕೆ ಧೈರ್ಯ.

ನಾಲ್ಕು ಸಿಲಿಂಡರೂ ತಮ್ಮ ಸರದಿಗೆ ಸರಿಯಾಗಿ ಕೆಲಸ ಮಾಡಿದರೆ ಮಾತ್ರ ಗಾಡಿ ಏರು ಹತ್ತುತ್ತದೆ. ಸಂಘವೂ ಹಾಗೆಯೇ. ಬೆಳ್ಳಿಹಬ್ಬ ಕಂಡ ನಮ್ಮ ಸಂಘ ಸುವರ್ಣ ಮಹೋತ್ಸವವನ್ನೂ ಕಾಣಲಿ ಎಂದು ಹಾರೈಸುತ್ತೇನೆ.