ಅನಿಲೀನ್ ಎಂಬ ಹೆಸರಿನೊಳಗಿನ ನೀಲಿ
(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಮಕ್ಕಳಿಗೆ ಉಪಯೋಗವಾಗುವಂತೆ ನಾಲ್ಕು ಮಾತು ಆಡು ಎಂದು ಗುರುಗಳು ಅಪ್ಪಣೆ ಮಾಡಿದ್ದಾರೆ. ನಾನು ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸ ಮಾಡುವವನು, ರಸಾಯನಶಾಸ್ತ್ರದ ಪಂಡಿತನಲ್ಲ. ಆದರೆ ನಮ್ಮ ಕೆಲಸದಲ್ಲಿ ಒಂದೇ ವಸ್ತುವಿಗೆ ಎರಡು ಹೆಸರು ಬಿದ್ದರೆ ಎಷ್ಟು ಫಜೀತಿ ಎಂಬುದು ಗೊತ್ತು. ಅದಕ್ಕೇ ಇವತ್ತು ಹೆಸರುಗಳ ಬಗ್ಗೆ ಮಾತನಾಡುತ್ತೇನೆ.

ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿ ವಿಜ್ಞಾನಕ್ಕೆ ಹೋಗುವ ಎಷ್ಟೋ ಮಕ್ಕಳು ಮೊದಲು ಹೆದರುವುದು ಈ ಹೆಸರುಗಳಿಗೆ. ಅರ್ಥ ತಿಳಿಯದೆ ಬಾಯಿಪಾಠ ಮಾಡುತ್ತಾರೆ. ‘ಇದು ನಮ್ಮಂಥವರಿಗಲ್ಲ’ ಎಂದು ಕೆಲವರು ವಿಜ್ಞಾನವನ್ನೇ ಬಿಡುತ್ತಾರೆ. ಅಂಥ ಒಂದು ಹೆಸರು ಅನಿಲೀನ್.

ಕನ್ನಡದಲ್ಲಿ ಅನಿಲ ಎಂದರೆ ಗಾಳಿ. ಅನಿಲೀನ್ ಮಾತ್ರ ಎಣ್ಣೆಯಂಥ ದ್ರವ. ಅದರ ಹೆಸರು ಬಂದದ್ದು ನೀಲಿಯಿಂದ. ಸಂಸ್ಕೃತದ ‘ನೀಲ’ ವ್ಯಾಪಾರದ ಜೊತೆ ಪಶ್ಚಿಮಕ್ಕೆ ಹೋಗಿ ಪರ್ಷಿಯನ್ನರಲ್ಲಿ ನೀಲ್, ಅರಬರಲ್ಲಿ ಅನ್-ನೀಲ್, ಪೋರ್ಚುಗೀಸರಲ್ಲಿ ಅನಿಲ್ ಆಯಿತು. 1840ರಲ್ಲಿ ಫ್ರಿಟ್ಶೆ ಎಂಬ ವಿಜ್ಞಾನಿ ನೀಲಿಯನ್ನು ಕಾಸ್ಟಿಕ್ ಪೊಟ್ಯಾಶ್ ಜೊತೆ ಕಾಸಿ ಒಂದು ಎಣ್ಣೆ ತೆಗೆದು, ಅದನ್ನು ಅನಿಲೀನ್ ಎಂದು ಕರೆದರು.

ಆದರೆ ಅದೇ ಎಣ್ಣೆಯನ್ನು 1826ರಲ್ಲೇ ಉನ್ವರ್ಡೋರ್ಬೆನ್ ನೀಲಿಯಿಂದ ತೆಗೆದು ಕ್ರಿಸ್ಟಲಿನ್ ಎಂದಿದ್ದರು. 1834ರಲ್ಲಿ ರುಂಗೆ ಕಲ್ಲಿದ್ದಲಿನ ಡಾಂಬರಿನಿಂದ ತೆಗೆದು ಕಯನಾಲ್ ಎಂದಿದ್ದರು. 1842ರಲ್ಲಿ ಜಿನಿನ್ ನೈಟ್ರೊಬೆಂಜೀನ್‌ನಿಂದ ತಯಾರಿಸಿ ಬೆಂಜಿಡಾಮ್ ಎಂದರು. ನಾಲ್ಕೂ ಒಂದೇ ಎಂದು ಹಾಫ್‌ಮನ್ 1843ರಲ್ಲಿ ತೋರಿಸಿದರು. ನಾಲ್ಕು ಹೆಸರುಗಳಲ್ಲಿ ಉಳಿದದ್ದು ನಮ್ಮ ನೀಲಿಯ ಹೆಸರು. ಹೆಸರಿಗೆ ಕಟ್ಟುನಿಟ್ಟಾದ ನಿಯಮ ಮಾಡಿದ ಐಯುಪಿಎಸಿ ಸಂಸ್ಥೆಯೂ ಅದನ್ನು ಇಂದಿಗೂ ಒಪ್ಪುತ್ತದೆ.

ಈಗ ನೀಲಿ ಗಿಡದ ಎಲೆಗೆ ಬರೋಣ. ಹಸಿರು ಎಲೆಯಲ್ಲಿ ನೀಲಿ ಬಣ್ಣ ಇರುವುದಿಲ್ಲ. ಅದರಲ್ಲಿರುವುದು ಇಂಡಿಕಾನ್, ಸಕ್ಕರೆ ಅಂಟಿಕೊಂಡಿರುವ ಒಂದು ಸಂಯುಕ್ತ. ಎಲೆಯನ್ನು ತೊಟ್ಟಿಯ ನೀರಿನಲ್ಲಿ ನೆನೆಹಾಕಿದಾಗ ಸಕ್ಕರೆ ಬೇರೆಯಾಗಿ ಇಂಡಾಕ್ಸಿಲ್ ಉಳಿಯುತ್ತದೆ. ನೀರನ್ನು ಬಡಿದು ಗಾಳಿ ಸೇರಿಸಿದರೆ ಅದು ಇಂಡಿಗೊ ಆಗಿ ತಳಕ್ಕೆ ಇಳಿಯುತ್ತದೆ. ಇಂಡಿಗೊ ನೀರಿನಲ್ಲಿ ಕರಗುವುದಿಲ್ಲ. ಕರಗದಿದ್ದರೆ ನೂಲಿಗೆ ಹತ್ತುವುದಿಲ್ಲ. ಅದಕ್ಕೆ ಬಣ್ಣಗಾರರು ಅದನ್ನು ಮತ್ತೆ ಹುದುಗಿಸಿ, ಕರಗುವ ಲ್ಯೂಕೊ-ಇಂಡಿಗೊ ಮಾಡಿಕೊಳ್ಳುತ್ತಿದ್ದರು. ಗ್ರೀಕಿನಲ್ಲಿ ಲ್ಯೂಕೊ ಎಂದರೆ ಬಿಳಿ. ತೊಟ್ಟಿಯಿಂದ ಹಳದಿ-ಹಸಿರಾಗಿ ಮೇಲೆ ಬಂದ ನೂಲು ಗಾಳಿ ಬಡಿದೊಡನೆ ನೀಲಿಯಾಗುತ್ತಿತ್ತು. ಪುಸ್ತಕದ ಅಪಕರ್ಷಣ, ಉತ್ಕರ್ಷಣ ಎಂದರೆ ಇದೇ. ನಮ್ಮ ಬೆಳಗಾವಿ-ಧಾರವಾಡ ಸೀಮೆಯಲ್ಲಿ ಈ ಕೆಲಸ ಮಾಡುತ್ತಿದ್ದವರನ್ನು ನೀಲಗಾರರು ಎನ್ನುತ್ತಿದ್ದರು. ಈಗಲೂ ಅದು ಮನೆತನದ ಅಡ್ಡಹೆಸರು.

ಇಂಡಿಗೊ ಎಂದರೆ ಗ್ರೀಕರ ಮಾತಿನಲ್ಲಿ ‘ಇಂಡಿಯಾದ್ದು’ ಎಂದೇ ಅರ್ಥ. ಇದರಿಂದಲೇ ಇಂಡೋಲ್ ಎಂಬ ಹೆಸರು ಹುಟ್ಟಿತು. ಬೇಳೆಯ ಪ್ರೋಟೀನಿನಲ್ಲಿರುವ ಟ್ರಿಪ್ಟೊಫಾನ್‌ನೊಳಗೂ ಇಂಡೋಲ್ ಉಂಗುರವಿದೆ. 1863ರಲ್ಲಿ ಜರ್ಮನಿಯಲ್ಲಿ ಕಂಡುಹಿಡಿದ ಒಂದು ಲೋಹದ ರೋಹಿತದಲ್ಲಿ ಇಂಡಿಗೊ ಬಣ್ಣದ ಗೆರೆ ಕಂಡದ್ದರಿಂದ ಅದಕ್ಕೆ ಇಂಡಿಯಂ ಎಂದು ಹೆಸರಾಯಿತು. ನಿಮ್ಮ ಕೈಯಲ್ಲಿರುವ ಮೊಬೈಲಿನ ಟಚ್‌ಸ್ಕ್ರೀನ್ ಮೇಲೆ ಇಂಡಿಯಂ ಆಕ್ಸೈಡಿನ ತೆಳುವಾದ ಪದರವಿರುತ್ತದೆ.

ಹೆಸರು ಉಳಿದರೂ ಕಸುಬು ಉಳಿಯಲಿಲ್ಲ. ಇಂಡಿಗೊದ ರಚನೆಯನ್ನು 1883ರಲ್ಲಿ ಬಾಯರ್ ತಿಳಿಸಿದರು. 1897ರಲ್ಲಿ ಜರ್ಮನಿಯ ಬಿಎಎಸ್‌ಎಫ್ ಕಾರ್ಖಾನೆ ಕೃತಕ ನೀಲಿಯನ್ನು ಮಾರುಕಟ್ಟೆಗೆ ತಂದಿತು. ಭಾರತದ ನೀಲಿ ವ್ಯಾಪಾರ ಕುಸಿಯಿತು. ಆ ಕಂಪನಿಯ ಹೆಸರಿನ ‘ಎ’ ಅಕ್ಷರ ಅನಿಲೀನ್‌ನದೇ. ನೀಲಗಾರರ ಕೈಗೆ ಗೊತ್ತಿದ್ದದ್ದು ಅವರ ಮಕ್ಕಳ ಪುಸ್ತಕಕ್ಕೆ ಬರಲಿಲ್ಲ. ಜರ್ಮನಿಯಲ್ಲಿ ಅದೇ ವಿಷಯ ಶಾಲೆ, ಪ್ರಯೋಗಾಲಯ, ಕಾರ್ಖಾನೆಗಳಲ್ಲಿ ಬೆಳೆಯಿತು. ನಮ್ಮೂರಿಗೆ ಸರ್ಕಾರಿ ಹೈಸ್ಕೂಲು ಎಷ್ಟು ಮುಖ್ಯ ಎಂಬುದಕ್ಕೆ ನನಗೆ ಕಾಣುವ ಕಾರಣ ಇದು.

ವಿದ್ಯಾರ್ಥಿಗಳೇ, ಹೊಸ ಹೆಸರು ಬಂದಾಗ ‘ಇದು ಎಲ್ಲಿಂದ ಬಂತು?’ ಎಂದು ಗುರುಗಳನ್ನು ಕೇಳಿರಿ. ಬೇರು ಗೊತ್ತಾದರೆ ಹೆಸರು ನೆನಪಿನಲ್ಲಿ ಉಳಿಯುತ್ತದೆ. ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ: ನಮ್ಮ ಪ್ರಯೋಗಾಲಯದ ಗೋಡೆಗೆ ಮುಖ್ಯ ರಾಸಾಯನಿಕಗಳ ಹೆಸರು, ಸೂತ್ರ ಮತ್ತು ಹೆಸರಿನ ಮೂಲವನ್ನು ಕನ್ನಡದಲ್ಲಿ ಬರೆದ ಫಲಕಗಳನ್ನು ಮಾಡಿಸಿ ಕೊಡೋಣ. ಗುರುಗಳು ಪಟ್ಟಿ ಕೊಟ್ಟರೆ ಬರೆಯುವ ಕೆಲಸವೂ, ಖರ್ಚಿನಲ್ಲಿ ಒಂದು ಪಾಲೂ ನನ್ನದಿರಲಿ.