ಹಳೆ ಪಿಕಪ್ ತಗೊಳ್ಳೋ ಮೊದಲು ಕೇಳಿ: ಈ ಗಾಡಿ ಏನು ಹೊತ್ತಿತ್ತು?

ಇವತ್ತಿನ ಮಾತು ಹಳೆ ಪಿಕಪ್ ತಗೊಳ್ಳೋಕೆ ಹೊರಟಿರೋರಿಗೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಎಲ್ಲಿ ನೋಡಿದ್ರೂ ಬಾಡಿಗೆ ಓಡಿಸಿ ಬದುಕು ಕಟ್ಕೋಬೇಕು ಅನ್ನೋ ಹುಡುಗರಿದ್ದಾರೆ. ಹೊಸ ಗಾಡಿಗೆ ದುಡ್ಡಿಲ್ಲ. ಹಾಗಾಗಿ ಎಂಟು-ಹತ್ತು ವರ್ಷ ಓಡಿರೋ ಬೊಲೆರೊ ಪಿಕಪ್, ಟಾಟಾ ಏಸ್ ಅಥವಾ ದೋಸ್ತ್ ಹುಡುಕ್ತಾರೆ. ಅಮ್ಮನ ಒಡವೆ ಅಡ ಇಟ್ಟು ಮುಂಗಡ ಕೊಡ್ತಾರೆ. ಅಂಥ ಗಾಡಿ ಮೂರನೇ ತಿಂಗಳಿಗೆ ಗ್ಯಾರೇಜ್ ಸೇರಿದ್ರೆ ದುಡಿಮೆ ನಿಲ್ಲುತ್ತೆ, ಕಂತು ಮಾತ್ರ ನಿಲ್ಲಲ್ಲ.

ಗಾಡಿ ನೋಡೋಕೆ ಹೋದಾಗ ನಾನು ಮೊದಲು ಕಿಲೋಮೀಟರ್ ಕೇಳಲ್ಲ. ಮೀಟರ್ ಹಿಂದಕ್ಕೆ ತಿರುಗಿಸಬಹುದು. ನಾನು ಕೇಳೋದು ಒಂದೇ: "ಅಣ್ಣಾ, ಇದರಲ್ಲಿ ಏನು ಲೋಡ್ ಹೊಡೀತಿದ್ರಿ?" ಕಾರಿಗೂ ಪಿಕಪ್‌ಗೂ ಇರೋ ವ್ಯತ್ಯಾಸ ಇದೇ. ಪಿಕಪ್ ಸವೆಯೋದು ದೂರದಿಂದ ಕಮ್ಮಿ, ಭಾರದಿಂದ ಜಾಸ್ತಿ.

ಶುಂಠಿ ತಗೊಳ್ಳಿ. ನಮ್ಮ ಕಡೆ ಹಸಿ ಶುಂಠಿ ಚೀಲ ಅಂದ್ರೆ 60 ಕೆಜಿ. ಆರ್‌ಸಿಯಲ್ಲಿ ಖಾಲಿ ಗಾಡಿ ತೂಕ, ಲೋಡ್ ಸಮೇತ ಒಟ್ಟು ತೂಕ ಎರಡೂ ಬರೆದಿರುತ್ತೆ. ಒಂದರಲ್ಲಿ ಒಂದು ಕಳೆದರೆ ಗಾಡಿ ಎಷ್ಟು ಹೊರಬಹುದು ಅಂತ ಗೊತ್ತಾಗುತ್ತೆ. 1,300 ಕೆಜಿ ಬಂತು ಅನ್ಕೊಳ್ಳಿ, ಅಂದ್ರೆ 21 ಚೀಲ. ಮಾರೋರು ಹೆಮ್ಮೆಯಿಂದ "40 ಚೀಲ ಹಾಕಿದ್ರೂ ಜಗ್ಗಲ್ಲ" ಅಂದ್ರೆ ಖುಷಿಪಡಬೇಡಿ. ಅದು 2,400 ಕೆಜಿ, ಹತ್ತಿರ ಹತ್ತಿರ ಎರಡರಷ್ಟು. ಅವರು ಗಾಡಿ ಹೊಗಳ್ತಿಲ್ಲ, ಅದರ ಬೆನ್ನು ಮುರಿದ ಕಥೆ ಹೇಳ್ತಿದ್ದಾರೆ.

ಆ ಕಥೆ ನಿಜವೋ ಸುಳ್ಳೋ ನೋಡೋಕೆ ಗಾಡಿ ಕೆಳಗೆ ಮಲಗಲೇಬೇಕು. ಮೊಬೈಲ್ ಟಾರ್ಚ್ ಸಾಕು. ಹಿಂದಿನ ಕಮಾನ್ ಪ್ಲೇಟ್ ನೋಡಿ. ಎರಡೂ ಕಡೆ ಪ್ಲೇಟ್ ಎಣಿಸಿ. ಕಂಪನಿ ಕೊಟ್ಟದ್ದಕ್ಕಿಂತ ಜಾಸ್ತಿ ಸೇರಿಸಿದ್ರೆ ಓವರ್‌ಲೋಡ್ ಹೊಡೆದಿದ್ದಾರೆ ಅಂತಲೇ ಅರ್ಥ. ಖಾಲಿ ಗಾಡಿಯಲ್ಲೂ ಕಮಾನು ಬಾಗು ಕಳ್ಕೊಂಡು ಚಪ್ಪಟೆ ಆಗಿದ್ರೂ ಅದೇ. ಕಮಾನು ಚಾಸಿಗೆ ಕೂರೋ ಜಾಗದಲ್ಲಿ ಬಿರುಕು, ವೆಲ್ಡಿಂಗ್ ಗುರುತು ಹುಡುಕಿ. ಗಾಡಿಯೆಲ್ಲ ಹಳೇದು, ಚಾಸಿಗೆ ಮಾತ್ರ ಹೊಸ ಕಪ್ಪು ಬಣ್ಣ ಇದ್ರೆ ಕೇಳಿ, ಯಾಕೆ ಬಳಿದ್ರಿ ಅಂತ. ಇಂಜಿನ್ ಕೆಟ್ರೆ ರಿಪೇರಿ ಇದೆ. ಚಾಸಿ ಸೀಳಿದ ಗಾಡಿ ಎಷ್ಟು ಅಗ್ಗಕ್ಕೆ ಸಿಕ್ಕಿದ್ರೂ ಬೇಡ.

ಒಂದೊಂದು ಲೋಡೂ ಒಂದೊಂದು ಗುರುತು ಬಿಟ್ಟಿರುತ್ತೆ. ಒದ್ದೆ ಮರಳು ಹೊಡೆದಿದ್ರೆ ಬಾಡಿ ತಳ, ಅದರ ಕೆಳಗಿನ ಅಡ್ಡಪಟ್ಟಿ ತುಕ್ಕು ಹಿಡಿದಿರುತ್ತೆ. ಮಂಗಳೂರಿಂದ ಮೀನು ತಂದಿದ್ರೆ ಐಸ್ ಕರಗಿದ ಉಪ್ಪುನೀರು ಚಾಸಿಯ ಸಂದಿಯೊಳಗೆ ಇಳಿದಿರುತ್ತೆ. ಸ್ಕ್ರೂಡ್ರೈವರ್ ಹಿಂಬದಿಯಿಂದ ತಟ್ಟಿ ನೋಡಿ, ಗಟ್ಟಿ ಕಬ್ಬಿಣ ಟಣ್ ಅನ್ನುತ್ತೆ, ತುಕ್ಕು ತಿಂದದ್ದು ಮಂಕಾಗಿ ಸದ್ದು ಮಾಡುತ್ತೆ. ಶಿರಾಡಿ ಘಾಟಿ ಹತ್ತಿ ಇಳಿದ ಗಾಡಿಯಲ್ಲಿ ಕ್ಲಚ್, ಬ್ರೇಕ್, ಎರಡನೇ ಗೇರ್ ಮೊದಲು ಸವೆಯುತ್ತೆ. ತೆಂಗಿನ ಸಿಪ್ಪೆ, ಒಣಹುಲ್ಲು ಹೊಡೆದಿದ್ರೆ ಭಾರ ಕಮ್ಮಿ, ಆದ್ರೆ ಬಾಡಿ ಎತ್ತರಿಸಿರಬಹುದು. ಅದು ಆರ್‌ಸಿಗೆ ಹೊಂದದಿದ್ರೆ ಎಫ್‌ಸಿಗೆ ಹೋದಾಗ ನೀವು ಸಿಕ್ಕಿಬೀಳ್ತೀರಿ.

ಇನ್ನು ಇಂಜಿನ್. ಬೆಳಿಗ್ಗೆ ಹೋಗಿ, ಬಾನೆಟ್ ಮುಟ್ಟಿ ನೋಡಿ. ಬಿಸಿ ಇದ್ರೆ ನೀವು ಬರೋ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ. ಇನ್ನೊಂದು ದಿನ ಬರ್ತೀನಿ ಅನ್ನಿ. ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆದು ನೋಡಿ, ನೀರಿನ ಮೇಲೆ ಆಯಿಲ್ ತೇಲಬಾರದು. ಸ್ಟಾರ್ಟ್ ಆದ್ಮೇಲೆ ಹೊಗೆ ನೋಡಿ. ನೀಲಿ ಹೊಗೆ ನಿಲ್ಲದೇ ಬಂದ್ರೆ ಇಂಜಿನ್ ಆಯಿಲ್ ಉರೀತಿದೆ. ಬಿಸಿ ಆದ್ಮೇಲೂ ದಟ್ಟ ಬಿಳಿ ಹೊಗೆ ಬಂದ್ರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಆಮೇಲೆ ಖಾಲಿ ಗಾಡಿಯಲ್ಲಿ ಒಂದು ಸುತ್ತು ಹಾಕಿ ಸುಮ್ಮನಾಗಬೇಡಿ. ನಾಲ್ಕು ಮೂಟೆಯಾದ್ರೂ ಹಾಕ್ಕೊಂಡು ಏರು ಹತ್ತಿಸಿ. ಇಂಜಿನ್ ಕೂಗುತ್ತೆ, ಗಾಡಿ ಏರಲ್ಲ ಅಂದ್ರೆ ಕ್ಲಚ್ ಮುಗಿದಿದೆ. ಹಿಂದಿನ ಹೌಸಿಂಗ್‌ನಿಂದ ಗುಂಯ್ ಅಂತ ಸದ್ದು ಬಂದ್ರೆ ಕ್ರೌನ್ ಕೆಲಸ ಕಾದಿದೆ.

ಕಾಗದಕ್ಕೆ ಬರೋಣ. ಆರ್‌ಸಿಯಲ್ಲಿರೋ ಇಂಜಿನ್ ನಂಬರ್, ಚಾಸಿ ನಂಬರ್ ಗಾಡಿ ಮೇಲಿರೋದಕ್ಕೆ ಸರಿಹೊಂದಬೇಕು, ಒಂದೊಂದು ಅಂಕಿನೂ ನೀವೇ ಓದಿ. ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ ಎಫ್‌ಸಿ, ಇನ್ಶೂರೆನ್ಸ್, ಟ್ಯಾಕ್ಸ್ ಎಲ್ಲೀವರೆಗೆ ಇದೆ, ಚಲನ್ ಬಾಕಿ ಇದೆಯಾ ನೋಡಿ. ಎಂಟು ವರ್ಷ ದಾಟಿದ ಗೂಡ್ಸ್ ಗಾಡಿಗೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು. ಎಫ್‌ಸಿ ಮುಗಿದಿದ್ರೆ ಅದರ ಖರ್ಚು ಕಳೆದು ರೇಟು ಮಾತಾಡಿ. ಹಳೇ ಸಾಲ ಇದ್ರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಕೈಗೆ ಬರೋವರೆಗೆ ಪೂರ್ತಿ ದುಡ್ಡು ಕೊಡಬೇಡಿ. ಫಾರಂ 29, 30ಕ್ಕೆ ಆರ್‌ಸಿಯಲ್ಲಿ ಹೆಸರಿರೋ ವ್ಯಕ್ತಿಯೇ ನಿಮ್ಮೆದುರು ಸಹಿ ಹಾಕಬೇಕು. ನಡುವಿನವರು "ಅಗ್ರಿಮೆಂಟ್ ಸಾಕು, ಹೆಸರು ಆಮೇಲೆ ಮಾಡಿಸ್ಕೊಳ್ಳಿ" ಅಂದ್ರೆ ಎದ್ದು ಬನ್ನಿ. ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಮಾಡಿಸೋಕೆ 14 ದಿನದೊಳಗೆ ಅರ್ಜಿ ಹಾಕಬೇಕು. ಹಾಕದೇ ಬಿಟ್ಟು ನಾಳೆ ಗಾಡಿಗೆ ಏನಾದ್ರೂ ಆದ್ರೆ, ನಿಮ್ಮ ಗಾಡಿ ಡ್ಯಾಮೇಜಿಗೆ ಕ್ಲೇಮ್ ಸಿಗೋದು ಕಷ್ಟ.

ಕೊನೇ ಮಾತು. ನಿಮಗೆ ಪರಿಚಯ ಇರೋ ಮೆಕ್ಯಾನಿಕ್‌ಗೆ ಒಂದು ದಿನದ ಕೂಲಿ ಕೊಟ್ಟು ಕರ್ಕೊಂಡು ಹೋಗಿ. ಮಾರೋರು ತೋರಿಸೋ ಮೆಕ್ಯಾನಿಕ್ ಬೇಡ. ಗಾಡಿ ಕೆಳಗೆ ಮಲಗೋಕೆ, ಮೂಟೆ ಹಾಕಿ ಓಡಿಸೋಕೆ ಅವರು ಬಿಡಲ್ಲ ಅಂದ್ರೆ ಉತ್ತರ ಸಿಕ್ತು ಅನ್ಕೊಳ್ಳಿ. ಈ ವಾರ ಗಾಡಿ ನೋಡೋಕೆ ಹೊರಟಿರೋ ಗೆಳೆಯ ಇದ್ರೆ, ಮುಂಗಡ ಕೊಡೋ ಮೊದಲೇ ಇದನ್ನ ಅವನಿಗೆ ಕಳಿಸಿ. ಮತ್ತೆ ಸಿಗೋಣ.